ನೂರಾ ಇಪ್ಪತ್ತೆಂಟರ ಯಜಮಾನರು

ತಕ್ಕಡಿ ಸಾಹೇಬರ ಸೊಂಟದ ಅಳತೆ ಮದುವೆಯಾದಂದಿನಿಂದ ಬದಲಾಗುತ್ತಲೇ ಬಂದಿತ್ತು. ಕೂದಲು ಹಣೆಯಿಂದ ಹಿಂದೆ ಹಿಂದೆ ಸರಿದು ನೆತ್ತಿಯ ಆಚೆ ಎಲ್ಲೋ ಬಿಡಾರ ಹೂಡಿತ್ತು. ಕನ್ನಡಕದ ಗಾಜು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿತ್ತು. ಇಷ್ಟೆಲ್ಲ ಬದಲಾದರೂ ತಮ್ಮಲ್ಲಿ ಬದಲಾಗದ ವಸ್ತುವೊಂದು ಉಳಿದಿದೆ ಎಂಬುದು ಅವರ ಬಾಳಿನ ದೊಡ್ಡ ಸಮಾಧಾನ. ಅದು ಅವರ ಐಕ್ಯೂ. ನೂರಾ ಇಪ್ಪತ್ತೆಂಟು.

ಈ ಸಂಖ್ಯೆ ಅವರಿಗೆ ದಕ್ಕಿದ್ದು ಕೆಲಸಕ್ಕೆ ಸೇರುವಾಗ. ತೂಕ ಮತ್ತು ಅಳತೆ ಇಲಾಖೆಯ ಪರಿಶೀಲಕರ ಹುದ್ದೆಗೆ ಬಂದವರನ್ನೆಲ್ಲ ಒಂದು ಹಾಲ್‌ನಲ್ಲಿ ಕೂರಿಸಿ ಬುದ್ಧಿಮತ್ತೆಯ ಪರೀಕ್ಷೆ ಮಾಡಿದ್ದರು. ಆವತ್ತು ಎಲ್ಲರಿಗಿಂತ ಹೆಚ್ಚು ಅಂಕ ಬಂದದ್ದು ಇವರಿಗೆ. ಅಂದಿನಿಂದ ಅವರು ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ, ತೂಕದ ಬಟ್ಟು, ಲೀಟರು, ಮೀಟರುಗಳನ್ನು ಪರೀಕ್ಷಿಸಿ ಸರ್ಕಾರದ ಮುದ್ರೆ ಒತ್ತುತ್ತಾ ಬಂದರು. ಅಂಗಡಿಯವರು ಒಳಗೊಳಗೇ ಹಲ್ಲು ಕಡಿಯುತ್ತಾ 'ತಕ್ಕಡಿ ಸಾಹೇಬರು' ಎಂದು ಹೆಸರಿಟ್ಟರು. ಆದರೆ ತಮ್ಮ ತಲೆಗೆ ಬಿದ್ದ ಮುದ್ರೆಯ ಮುಂದೆ ಲೋಕದ ಉಳಿದ ಮುದ್ರೆಗಳೆಲ್ಲ ಅವರಿಗೆ ಸಪ್ಪೆ. ಮನೆಯ ನಲ್ಲಿ ಸೋರಿದರೆ, "ನೂರಾ ಇಪ್ಪತ್ತೆಂಟರ ತಲೆ ಮನೆಯಲ್ಲೇ ಇರುವಾಗ ಕೊಳಾಯಿಯವನ್ಯಾಕೆ?" ಎಂದು ತಾವೇ ಸ್ಪ್ಯಾನರ್ ಹಿಡಿಯುತ್ತಿದ್ದರು. (ಕೊಳಾಯಿಯವನು ಮಾರನೆಯ ದಿನ ಬರುತ್ತಿದ್ದ. ಅವನಿಗಿಂತ ಮೊದಲು ಕೆಳಗಿನ ಮನೆಯವರು ಬರುತ್ತಿದ್ದರು, ತಮ್ಮ ಛಾವಣಿಯಿಂದ ನೀರು ತೊಟ್ಟಿಕ್ಕುತ್ತಿದೆ ಎಂದು ಹೇಳಲು.)

ಅವರ ಹೆಂಡತಿ ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುವವರು. ಪ್ರಯಾಣಿಕರ ಬಾಯಲ್ಲಿ ಕೌಂಟರಮ್ಮ. ಹಗಲೆಲ್ಲ ನಿಲ್ದಾಣದಲ್ಲಿ ಕೌಂಟರಿನ ಹಿಂದೆ ಕೂರುತ್ತಾರೆ, ಸಂಜೆ ಮನೆಗೆ ಬಂದು ಕೌಂಟರ್ ಕೊಡುತ್ತಾರೆ. ಎರಡೂ ಕಡೆ ಚಿಲ್ಲರೆ ಬಾಕಿ ಇಡುವವರಲ್ಲ. ಅಂಥ ಬಾಯಿಗೂ ಗಂಡ "ನೂರಾ ಇಪ್ಪತ್ತೆಂಟು" ಎಂದ ತಕ್ಷಣ ಬೀಗ ಬೀಳುತ್ತಿತ್ತು. ಯಾಕೆಂದರೆ ಅವರಿಗೂ ಒಂದು ಸಂಖ್ಯೆ ಇತ್ತು. ಅದು ತೊಂಬತ್ತಾರು.

ಮಗಳು ಇನ್ನೂ ಮೊಲೆಹಾಲು ಕುಡಿಯುತ್ತಿದ್ದ ಕಾಲದಲ್ಲಿ ಕೌಂಟರಮ್ಮ ರೈಲಿನ ಕಂಟ್ರೋಲ್ ರೂಮಿನ ಕೆಲಸಕ್ಕೆ ಅರ್ಜಿ ಹಾಕಿದ್ದರು. ಗೋಡೆಯಗಲದ ಹಲಗೆಯ ಮೇಲೆ ಆ ಮಾರ್ಗದ ಗಾಡಿಗಳೆಲ್ಲ ಕೆಂಪು ಹಸಿರು ದೀಪಗಳಾಗಿ ಓಡಾಡುವ ಕೋಣೆ ಅದು. ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ಅಲ್ಲಿ ಕೂತವರು ನಿರ್ಧರಿಸುತ್ತಾರೆ. ಒಮ್ಮೆ ಏನೋ ಕೆಲಸಕ್ಕೆ ಆ ಕೋಣೆಗೆ ಹೋಗಿ ಬಂದಿದ್ದ ಕೌಂಟರಮ್ಮನಿಗೆ ಅದರ ಹುಚ್ಚು ಹಿಡಿದಿತ್ತು. ಆದರೆ ಅಲ್ಲಿ ಕೂರಲು ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ನೂರಾ ಹತ್ತು ಬರಬೇಕು. ಬಂದದ್ದು ತೊಂಬತ್ತಾರು. ಅಳುತ್ತಾ ಮನೆಗೆ ಬಂದ ಹೆಂಡತಿಯನ್ನು ಸಾಹೇಬರು ತಮಗೆ ತಿಳಿದ ಅತ್ಯುತ್ತಮ ರೀತಿಯಲ್ಲಿ ಸಂತೈಸಿದ್ದರು: "ಅಳಬೇಡ. ಅದು ಎತ್ತರದ ಹಾಗೆ ಕಣೇ. ಕುಳ್ಳಗಿದ್ದೀನಿ ಅಂತ ಯಾರಾದರೂ ಅಳ್ತಾರಾ?"

ಆ ಸಾಂತ್ವನ ಎಷ್ಟು ಚೆನ್ನಾಗಿ ಕೆಲಸ ಮಾಡಿತೆಂದರೆ ಕೌಂಟರಮ್ಮ ಮತ್ತೆ ಆ ಕೋಣೆಯ ಮಾತೇ ಎತ್ತಲಿಲ್ಲ. ಮಗಳು ಬೆಳೆದು ಕಾಲೇಜು ಸೇರುವವರೆಗೂ ಎತ್ತಲಿಲ್ಲ.

ಎತ್ತಿದ್ದು ಒಂದು ಸಂಜೆ, ಊಟದ ಮೇಜಿನ ಬಳಿ, ನೀರಿನ ಲೋಟ ತುಂಬಿಸುವ ನೆಪದಲ್ಲಿ.

"ರೀ, ಕಂಟ್ರೋಲ್ ರೂಮಿಗೆ ಮತ್ತೆ ಜನ ತಗೋತಾರಂತೆ. ಒಳಗಿನವರಿಗೇ ಮೊದಲ ಅವಕಾಶ. ನಮ್ಮ ಮೇಲಧಿಕಾರಿ ನೀವೂ ಅರ್ಜಿ ಹಾಕಿ ಅಂತ ಹಿಂದೆ ಬಿದ್ದಿದ್ದಾರೆ."

"ಹಾಕು. ಹಾಕೋದಕ್ಕೇನು?" ಎಂದರು ಸಾಹೇಬರು ಉದಾರವಾಗಿ. "ಆದರೆ ಪರೀಕ್ಷೆ ಅದೇ ತಾನೇ?"

"ಅದೇ."

"ತಲೆಯೂ ಅದೇ ತಾನೇ?"

ಕೌಂಟರಮ್ಮ ಲೋಟ ಕೆಳಗಿಟ್ಟರು. ಮಗಳು ಫೋನ್ ಕೆಳಗಿಟ್ಟಳು. ಇದು ಆ ಮನೆಯಲ್ಲಿ ತೀರಾ ಅಪರೂಪಕ್ಕೆ ನಡೆಯುವ ಘಟನೆ.

"ಅಪ್ಪ, ಐಕ್ಯೂ ಅಂದ್ರೆ ಬ್ಲಡ್ ಗ್ರೂಪ್ ಅಲ್ಲ, ಹುಟ್ಟಿದಾಗ ಬಂದಿದ್ದು ಕೊನೇವರೆಗೂ ಹಾಗೇ ಇರೋಕೆ," ಎಂದಳು ಮಗಳು. "ಅದು ಬದಲಾಗುತ್ತೆ. ನಮಗೆ ಕಾಲೇಜಲ್ಲಿ ಹೇಳಿದ್ದಾರೆ."

"ಕಾಲೇಜಲ್ಲಿ ಬೆಳಗ್ಗೆ ಬೇಗ ಏಳಬೇಕು ಅಂತಲೂ ಹೇಳಿರ್ತಾರೆ. ಅದನ್ನ ಮಾತ್ರ ನೀನು ಕೇಳಿಸ್ಕೊಂಡಿಲ್ಲ," ಎಂದ ಸಾಹೇಬರು, ಕೈಯಲ್ಲಿದ್ದ ಚಮಚವನ್ನೇ ರಾಜದಂಡದಂತೆ ಎತ್ತಿ ಹಿಡಿದರು. "ನೋಡು ಮಗಳೇ, ಮೂವತ್ತು ವರ್ಷ ಅಳತೆಯ ಜೊತೆ ಬಾಳಿದವನ ಮಾತು ಕೇಳು. ಒಂದು ಕಿಲೋ ಬಟ್ಟಿದೆ. ಅದಕ್ಕೆ ಸರ್ಕಾರದ ಮುದ್ರೆ ಬಿದ್ದಿದೆ. ನಾಳೆ ಅದು ಒಂದೂಕಾಲು ಕಿಲೋ ಆಗ್ತೀನಿ ಅಂದ್ರೆ ಆಗುತ್ತಾ? ಬಟ್ಟು ಬಟ್ಟೇ, ಬುದ್ಧಿ ಬುದ್ಧಿಯೇ!"

ಮೇಜಿನ ತುದಿಯಲ್ಲಿ ಕೂತು ಹಲ್ಲಿಲ್ಲದ ಬಾಯಲ್ಲಿ ಬ್ರೆಡ್ಡನ್ನು ಮೆತ್ತಗೆ ಮಾಡುತ್ತಿದ್ದ ಅತ್ತೆಯವರು (ಕೌಂಟರಮ್ಮನ ತಾಯಿ, ಬಾಯಿ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಸಾಕ್ಷಾತ್ ಉತ್ತರ) ತಲೆ ಎತ್ತಿದರು.

"ಹಾಗಿದ್ರೆ ಅಳಿಯಂದ್ರೇ, ಅದೇ ಬಟ್ಟಿಗೆ ಮತ್ತೆ ಮತ್ತೆ ಹೋಗಿ ಮುದ್ರೆ ಒತ್ತಿ ಬರ್ತೀರಲ್ಲ, ಯಾಕೆ?"

"ಅದು... ಸವೆಯುತ್ತೆ ಅತ್ತೆ. ಸವೆದು ಕಮ್ಮಿ ಆಗಿರುತ್ತೆ."

"ಓಹೋ. ಕಮ್ಮಿ ಆಗಬಹುದು," ಎಂದು ಅತ್ತೆಯವರು ಮತ್ತೆ ಬ್ರೆಡ್ಡಿನ ಕಡೆ ತಿರುಗಿದರು. ಇನ್ನೇನೂ ಹೇಳಲಿಲ್ಲ. ಹೇಳಿದ್ದರೆ ಸಾಹೇಬರಿಗೆ ಅಷ್ಟು ಉರಿಯುತ್ತಿರಲಿಲ್ಲ.

ಆಗ ಕೌಂಟರಮ್ಮ ಬಾಯಿ ತೆರೆದರು. "ಆ ಪರೀಕ್ಷೆ ದಿನ ನಾನು ಯಾವ ಸ್ಥಿತೀಲಿ ಹೋಗಿದ್ದೆ ಗೊತ್ತಾ ನಿಮಗೆ? ಇವಳಿಗೆ ಹಲ್ಲು ಬರ್ತಿತ್ತು. ಹಿಂದಿನ ರಾತ್ರಿಯೆಲ್ಲ ಎತ್ಕೊಂಡು ಓಡಾಡಿದ್ದೆ. ಪರೀಕ್ಷೆ ಕೋಣೇಲಿ ಕೂತು ಚೌಕ, ತ್ರಿಕೋನ ನೋಡ್ತಿದ್ರೆ ಎಲ್ಲದಕ್ಕೂ ಹಲ್ಲು ಬಂದ ಹಾಗೆ ಕಾಣ್ತಿತ್ತು. ಮಧ್ಯದಲ್ಲಿ ಎರಡು ಸಲ ತೂಕಡಿಸಿದ್ದೀನಿ."

"ನನಗೆ ಗೊತ್ತೇ ಇಲ್ಲವಲ್ಲ! ನಾನೆಲ್ಲಿದ್ದೆ?"

"ನಿದ್ದೆ ಮಾಡ್ತಿದ್ರಿ. ನೂರಾ ಇಪ್ಪತ್ತೆಂಟಕ್ಕೆ ವಿಶ್ರಾಂತಿ ಬೇಕು ಅಂತ."

ಸಾಹೇಬರ ಮುಖ ಹುಳ್ಳಗಾಯಿತು. ಆದರೆ ಹುಳ್ಳಗಾದ ಮುಖದಿಂದಲೇ ಅವರಿಗೆ ಮಹತ್ತರವಾದ ಉಪಾಯಗಳು ಹೊಳೆಯುವುದು ವಾಡಿಕೆ. ಇಬ್ಬರೂ ಹೋಗಿ ಮತ್ತೊಮ್ಮೆ ಪರೀಕ್ಷೆ ಮಾಡಿಸಿಕೊಂಡರೆ? ತಮ್ಮದು ಎಷ್ಟಿತ್ತೋ ಅಷ್ಟೇ ಬರುತ್ತದೆ. ಅಲ್ಲಿಗೆ ವಾದ ಮುಗಿಯಿತು. ಹೆಂಡತಿಯೂ ಸುಮ್ಮನೆ ಆಸೆ ಕಟ್ಟಿಕೊಂಡು ಇನ್ನೊಮ್ಮೆ ಅಳುವುದು ತಪ್ಪುತ್ತದೆ. ಅಂಥ ಕರುಣಾಳು ಅವರು.

ಔಷಧಿ ಅಂಗಡಿಯ ಮೇಲಿನ ಒಂದು ಚಿಕ್ಕ ಕೋಣೆಯಲ್ಲಿ ಪರೀಕ್ಷೆ ನಡೆಯಿತು. ಪರೀಕ್ಷಕಿ ಸಣ್ಣ ದನಿಯ, ಅವಸರವಿಲ್ಲದ ಹೆಣ್ಣುಮಗಳು. ಸಾಹೇಬರನ್ನು ಒಂದು ದಿನ, ಕೌಂಟರಮ್ಮನನ್ನು ಇನ್ನೊಂದು ದಿನ ಕೂರಿಸಿಕೊಂಡು ಬಣ್ಣದ ಘನಗಳನ್ನು ಜೋಡಿಸಲು ಹೇಳಿದರು, ಸಂಖ್ಯೆಗಳನ್ನು ಹಿಂದುಮುಂದಾಗಿ ಹೇಳಿಸಿದರು, ಚಿತ್ರದಲ್ಲಿ ಏನು ಕಾಣೆಯಾಗಿದೆ ಎಂದು ಕೇಳಿದರು. ಆಮೇಲೆ ಇಬ್ಬರನ್ನೂ ಒಟ್ಟಿಗೆ ಕರೆದು ಅಂಕ ಹೇಳಿದರು.

ಸಾಹೇಬರದು ನೂರಾ ಇಪ್ಪತ್ತೆಂಟು. ಒಂದು ಕೂದಲೆಳೆಯೂ ಅತ್ತಿತ್ತ ಇಲ್ಲ.

"ನೋಡಿದ್ಯಾ!" ಎಂದು ಅವರು ಕುರ್ಚಿಯಿಂದ ಅರ್ಧ ಎದ್ದರು. "ಅಲುಗಿಲ್ಲ! ಬಂಡೆ!"

"ಇವರದು ನೂರಾ ನಾಲ್ಕು," ಎಂದರು ಪರೀಕ್ಷಕಿ.

ಸಾಹೇಬರು ಎದ್ದ ಅರ್ಧದಲ್ಲೇ ನಿಂತರು. "ಅದು ತೊಂಬತ್ತಾರಲ್ಲವಾ?"

"ಆಗ ತೊಂಬತ್ತಾರು ಇದ್ದಿರಬಹುದು. ಈಗ ನೂರಾ ನಾಲ್ಕು."

"ಹಾಗಾದರೆ ಇದು ಬದಲಾಗುತ್ತೋ ಇಲ್ಲವೋ? ಒಂದೇ ಮಾತಲ್ಲಿ ಹೇಳಿ ಮೇಡಂ."

ಪರೀಕ್ಷಕಿ ನಕ್ಕರು. "ಒಂದೇ ಮಾತಲ್ಲಿ ಹೇಳೋಕಾಗಲ್ಲ ಸರ್. ದೊಡ್ಡವರಲ್ಲಿ ಸಾಮಾನ್ಯವಾಗಿ ಹೆಚ್ಚು ಅಲುಗಲ್ಲ, ನಿಮ್ಮದೇ ಇದೆಯಲ್ಲ. ಆದರೆ ಅಲುಗೋದೇ ಇಲ್ಲ ಅಂತಲ್ಲ. ನಿದ್ದೆ, ಹೆದರಿಕೆ, ಓದು, ಅಭ್ಯಾಸ ಎಲ್ಲ ಸೇರಿಕೊಳ್ಳುತ್ತೆ. ನಿಮ್ಮ ವಯಸ್ಸಿನವರ ಸಾಲಲ್ಲಿ ಅವತ್ತು ನೀವು ಎಲ್ಲಿ ನಿಂತಿದ್ರಿ ಅಂತ ಈ ಅಂಕ ಹೇಳುತ್ತೆ, ಅಷ್ಟೇ. ಐದಾರು ಅಂಕ ಆಚೀಚೆ ಆಗೋದು ಮಾಮೂಲು."

"ಐದಾರು ಆಚೀಚೆ!" ಸಾಹೇಬರ ವೃತ್ತಿಧರ್ಮ ಕೆರಳಿತು. "ನಮ್ಮ ಇಲಾಖೆಯಲ್ಲಿ ಇಂಥ ತಕ್ಕಡೀನ ಅಲ್ಲೇ ಜಪ್ತಿ ಮಾಡ್ತೀವಿ!"

"ಇದರಲ್ಲಿ ಇಟ್ಟು ತೂಗಿದ್ದು ತರಕಾರಿ ಅಲ್ಲವಲ್ಲ ಸರ್," ಎಂದರು ಪರೀಕ್ಷಕಿ, ಅದೇ ಸಣ್ಣ ದನಿಯಲ್ಲಿ.

ಮನೆಗೆ ಬಂದು ಸಾಹೇಬರು ತಮ್ಮ ದಿಗ್ವಿಜಯದ ಸುದ್ದಿಯನ್ನು ಮೊದಲು ಹೇಳಿದ್ದು ಅತ್ತೆಯವರಿಗೆ. "ಅವತ್ತೂ ನೂರಾ ಇಪ್ಪತ್ತೆಂಟು, ಇವತ್ತೂ ನೂರಾ ಇಪ್ಪತ್ತೆಂಟು ಅತ್ತೆ!"

ಅತ್ತೆಯವರು ಅಳಿಯನನ್ನು ಕನಿಕರದಿಂದ ನೋಡಿದರು. "ಇಷ್ಟು ವರ್ಷ ಆದ್ರೂ ಒಂದಂಕವೂ ಮುಂದೆ ಹೋಗಿಲ್ವಾ? ಪಾಪ. ನನ್ನ ಮಗಳು ಕೆಲಸ, ಮನೆ, ಮಗು ಎಲ್ಲ ಮಾಡ್ಕೊಂಡೂ ಎಂಟು ಮುಂದೆ ಹೋಗಿದ್ದಾಳೆ. ನೀವು ನಿಂತಲ್ಲೇ ನಿಂತಿದ್ದೀರಿ. ಒಂದ್ಸಲ ಡಾಕ್ಟರಿಗೆ ತೋರಿಸಿ."

ಅಂದು ಸಂಜೆ ಬಂಡೆಗೆ ಮೊದಲ ಬಾರಿ ತಾನು ಬಂಡೆಯೆಂದು ಬೇಸರವಾಯಿತು.

ಕೌಂಟರಮ್ಮ ಅರ್ಜಿ ಹಾಕಿದರು. ಪರೀಕ್ಷೆಗೆ ಇನ್ನೂ ಕೆಲವು ತಿಂಗಳಿತ್ತು. ಆ ತಿಂಗಳುಗಳಲ್ಲಿ ತಮ್ಮ ಮನೆಯಲ್ಲಿ ನಡೆದದ್ದನ್ನು ಸಾಹೇಬರು ಮೊದಲು ತಮಾಷೆಯೆಂದು, ಆಮೇಲೆ ಗಲಾಟೆಯೆಂದು, ಕೊನೆಗೆ ಬಾಯಿ ಬಿಟ್ಟುಕೊಂಡು ನೋಡಿದರು. ಊಟದ ಮೇಜು ಬಣ್ಣದ ಘನಗಳ ಪಾಲಾಯಿತು. ಮಗಳು ಗ್ರಂಥಾಲಯದಿಂದ ಒಗಟಿನ ಪುಸ್ತಕಗಳನ್ನು ಹೊತ್ತು ತಂದಳು. ಕೌಂಟರಮ್ಮ ಪಾತ್ರೆ ತೊಳೆಯುತ್ತಾ ಸಂಖ್ಯೆಗಳ ಸರಣಿ ಗುನುಗುತ್ತಿದ್ದರು, ಬಟ್ಟೆ ಒಣಹಾಕುತ್ತಾ ಕ್ಲಿಪ್ಪುಗಳನ್ನು ಕೆಂಪು-ನೀಲಿ-ನೀಲಿ-ಕೆಂಪು ಎಂಬ ಏನೋ ಗೂಢ ಕ್ರಮದಲ್ಲಿ ಸಿಕ್ಕಿಸುತ್ತಿದ್ದರು. ಅದನ್ನು ಸಾಹೇಬರು ತಿಳಿಯದೆ ಕದಲಿಸಿದರೆ ಮನೆಯಲ್ಲಿ ಭೂಕಂಪ.

ಸಂಜೆ ಬಟಾಣಿ ಸುಲಿಯುವಾಗ ಸಂಖ್ಯೆ ಓದುವ ಕೆಲಸ ಸಾಹೇಬರ ಪಾಲಿಗೆ ಬಂತು.

"ಏಳು, ಎರಡು, ಒಂಬತ್ತು, ನಾಲ್ಕು, ಒಂದು, ಎಂಟು."

"ಎಂಟು, ಒಂದು, ನಾಲ್ಕು, ಒಂಬತ್ತು, ಎರಡು, ಏಳು." ಕೌಂಟರಮ್ಮನ ಬೆರಳು ಬಟಾಣಿಯ ಮೇಲೆ ಒಂದಿಷ್ಟೂ ನಿಲ್ಲುತ್ತಿರಲಿಲ್ಲ. "ಸರಿಯಾ?"

"ತಡಿ ತಡಿ..." ಸಾಹೇಬರು ಕಾಗದದ ಮೇಲೆ ಬೆರಳಿಟ್ಟು ಬಲದಿಂದ ಎಡಕ್ಕೆ ಓದುತ್ತಾ ತಡವರಿಸುತ್ತಿದ್ದರು. "ಸರಿ ಅನ್ನಿಸುತ್ತೆ."

"ಅನ್ನಿಸೋದಲ್ಲ ರೀ, ನೋಡಿ ಹೇಳಿ. ಇನ್ನೊಂದು."

ಹೆಂಡತಿ ಓದಲು ಕೂತರೆ ಅಡುಗೆ ಯಾರು ಮಾಡಬೇಕು? ಸಾಹೇಬರೇ ಸೌಟು ಹಿಡಿದರು. ಕಚೇರಿಯ ಹಳೆಯದೊಂದು ಸೂಕ್ಷ್ಮ ತಕ್ಕಡಿಯನ್ನು ಅಡುಗೆಮನೆಗೆ ತಂದು ಉಪ್ಪನ್ನು ಮಿಲಿಗ್ರಾಂ ಲೆಕ್ಕದಲ್ಲಿ ತೂಗಿದರು. ಎಲ್ಲ ಆಲೂಗಡ್ಡೆ ತುಂಡುಗಳೂ ಒಂದೇ ತೂಕ ಬರಬೇಕೆಂದು ಹಟ ಹಿಡಿದು ಹೆರೆದು ಹೆರೆದು, ಕೊನೆಗೆ ಎಲ್ಲವೂ ಒಂದೇ ಸಮವಾಗಿ ಗೋಲಿಯ ಗಾತ್ರಕ್ಕೆ ಇಳಿದವು. ಊಟ ಆಗಬೇಕಾದ ಹೊತ್ತಿಗೆ ಅವರಿನ್ನೂ ಮೆಣಸಿನ ಕಾಳಿನ ಸರಾಸರಿ ತೂಕ ಕಂಡುಹಿಡಿಯುತ್ತಿದ್ದರು. "ಇಂಥ ನಿಖರವಾದ ಹಸಿವು ನನಗೆ ಯಾವತ್ತೂ ಆಗಿರಲಿಲ್ಲ," ಎಂದಳು ಮಗಳು.

ಆದರೆ ಸೌಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಾಗಲೇ ಸಾಹೇಬರಿಗೆ ಅದು ಕಂಡದ್ದು. ಕೌಂಟರಮ್ಮ ಮೇಜಿನ ಮುಂದೆ ಕೂತು ಯಾವುದೋ ಆಕೃತಿಯನ್ನು ದಿಟ್ಟಿಸುತ್ತಿದ್ದರು. ಹುಬ್ಬುಗಳ ನಡುವೆ ಒಂದು ಗೆರೆ ಮೂಡಿತ್ತು. ಕೆಳತುಟಿ ಹಲ್ಲಿನ ನಡುವೆ ಸಿಕ್ಕಿತ್ತು. ಗೆರೆ ಆಳವಾಯಿತು, ಇನ್ನೂ ಆಳವಾಯಿತು, ಇದ್ದಕ್ಕಿದ್ದಂತೆ ಮಾಯವಾಯಿತು, ಮುಖವೆಲ್ಲ ಬೆಳಕಾಯಿತು. ಉತ್ತರ ಸಿಕ್ಕಿತ್ತು. ಯಾರೂ ನೋಡುತ್ತಿಲ್ಲ ಎಂದುಕೊಂಡು ಆಕೆ ತನ್ನಷ್ಟಕ್ಕೆ ಒಮ್ಮೆ ಮೇಜು ಕುಟ್ಟಿ ನಕ್ಕರು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಈ ಮುಖವನ್ನು ತಾವು ನೋಡಿಯೇ ಇರಲಿಲ್ಲವಲ್ಲ ಎಂದುಕೊಂಡರು ಸಾಹೇಬರು. ಅಷ್ಟರಲ್ಲಿ ಹಿಂದೆ ಆಲೂಗಡ್ಡೆ ತಳ ಹಿಡಿದು ಹೊಗೆ ಎದ್ದಿತು.

ಎಲ್ಲ ದಿನವೂ ಹಾಗಿರಲಿಲ್ಲ. ಒಂದು ಭಾನುವಾರ ಒಂದಾದ ಮೇಲೊಂದು ಒಗಟು ತಪ್ಪಿ ಕೌಂಟರಮ್ಮ ಪುಸ್ತಕ ಮುಚ್ಚಿಬಿಟ್ಟರು.

"ಸಾಕು ಬಿಡಿ. ಇದು ನನ್ನ ತಲೆಗೆ ಹತ್ತೋದಲ್ಲ. ನೀವು ಹೇಳಿದ್ದೇ ಸರಿ. ಕುಳ್ಳಗಿರೋರು ಕುಳ್ಳಗೇ ಇರ್ತಾರೆ."

ಇಷ್ಟು ಕಾಲ ಕಾಯುತ್ತಿದ್ದ ಮಾತು ಹೆಂಡತಿಯ ಬಾಯಿಂದಲೇ ಬಂದಿತ್ತು. ಕುಣಿಯಬೇಕಾಗಿದ್ದ ಸಾಹೇಬರು ಮುಚ್ಚಿದ ಪುಸ್ತಕವನ್ನು ಮತ್ತೆ ತೆರೆದು ಹೆಂಡತಿಯ ಮುಂದೆ ಸರಿಸಿದರು.

"ಆ ಪರೀಕ್ಷಕಿ ಏನಂದ್ರು ಕೇಳಿಸ್ಕೊಂಡಿಲ್ವಾ ನೀನು? ಅಲುಗುತ್ತೆ ಅಂದ್ರು."

ಕೌಂಟರಮ್ಮ ಗಂಡನನ್ನು ಹೊಸಬರನ್ನು ನೋಡುವಂತೆ ನೋಡಿದರು. "ಇದನ್ನ ನೀವು ಹೇಳ್ತಿದ್ದೀರಾ?"

"ನಾನಲ್ಲ," ಎಂದು ಸಾಹೇಬರು ಗಡಿಬಿಡಿಯಿಂದ ಎದ್ದರು. "ಪರೀಕ್ಷಕಿ. ನಾನು ಸುಮ್ಮನೆ ನೆನಪು ಮಾಡಿದೆ ಅಷ್ಟೇ. ಓದು ಓದು. ಏಳು, ಮೂರು, ಐದು, ಒಂಬತ್ತು..."

ಪರೀಕ್ಷೆಯ ದಿನ ಬಂತು. ಈ ಸಲ ಹೆಂಡತಿ ಚೆನ್ನಾಗಿ ನಿದ್ದೆ ಮಾಡಿಯೇ ಹೋಗಬೇಕು ಎಂದು ಸಾಹೇಬರು ಪಣ ತೊಟ್ಟಿದ್ದರು. ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು ಪಿಸುದನಿಯಲ್ಲಿ ಮಗಳನ್ನು ಕಾಲೇಜಿಗೆ ಅಟ್ಟಿದರು. ಯಾರೂ ಬಾಗಿಲು ತಟ್ಟಿ ಒಳಗೆ ಬರದಂತೆ ಹೊರಗಿನಿಂದ ಬೀಗ ಹಾಕಿದರು. ಅದು ಒಳಗಿನಿಂದಲೂ ಕೀಲಿಯಿಲ್ಲದೆ ತೆರೆಯದ ಜಾತಿಯ ಬೀಗ. ಕಳ್ಳರ ಭಯಕ್ಕೆ ಅವರೇ ಆರಿಸಿ ತಂದದ್ದು. ಹೆಂಡತಿಯ ಹತ್ತಿರ ಅವಳದೇ ಕೀಲಿ ಇತ್ತಲ್ಲ, ತೊಂದರೆಯೇನು? ತೊಂದರೆಯೇನೆಂದರೆ, ಪರೀಕ್ಷೆಯ ದಿನ ಆಕೆ ಕೀಲಿ ಹುಡುಕುತ್ತಾ ಒದ್ದಾಡಬಾರದೆಂದು ಹಿಂದಿನ ಸಂಜೆಯೇ ಅದನ್ನು ಸಾಹೇಬರು ಮನೆಯ ಅತ್ಯಂತ ಸುರಕ್ಷಿತ ಸ್ಥಳದಲ್ಲಿ ಎತ್ತಿಟ್ಟಿದ್ದರು. ಆ ಸ್ಥಳ ಅವರ ಸ್ವಂತ ಚೀಲ.

ಆ ಚೀಲವನ್ನು ಹೆಗಲಿಗೇರಿಸಿ ಅವರು ಕೆಲಸಕ್ಕೆ ಹೊರಟರು. ಅಂದಿನ ಕೆಲಸ ಸೂಕ್ಷ್ಮ ತಕ್ಕಡಿಗಳ ಕೋಣೆಯಲ್ಲಿ. ಉಸಿರು ಬಿಟ್ಟರೂ ಮುಳ್ಳು ಅಲುಗುವ ಜಾಗ. ಫೋನು ಹೊರಗಿನ ಪೆಟ್ಟಿಗೆಯಲ್ಲಿಟ್ಟು ಒಳಗೆ ಹೋಗಬೇಕು. ಅಲ್ಲಿ ಬೆಳಗಿನ ಹೊತ್ತೆಲ್ಲ ಪರಮಶಾಂತಿಯಿಂದ ತೂಗಿ, ಊಟದ ಡಬ್ಬಿಗೆಂದು ಚೀಲಕ್ಕೆ ಕೈ ಹಾಕಿದರು. ಕೈಗೆ ಸಿಕ್ಕಿದ್ದು ತಣ್ಣಗಿನ ಕೀಲಿ.

ಫೋನ್ ನೋಡಿದರೆ ಹೆಂಡತಿಯ ಕರೆಗಳ ಸಾಲು. ಆಮೇಲೆ ಅತ್ತೆಯವರ ಕರೆಗಳ ಸಾಲು. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದೇ ಸಾಹೇಬರನ್ನು ಹೆಚ್ಚು ಹೆದರಿಸಿತು. ವಾಪಸ್ ಕರೆ ಮಾಡಿದರೆ ಹೆಂಡತಿಯ ಫೋನ್ ಬಂದ್, ಅತ್ತೆಯವರು ಎತ್ತುತ್ತಿಲ್ಲ. ಡಬ್ಬಿಯನ್ನು ಅಲ್ಲೇ ಬಿಟ್ಟು ಓಡಿದರು. ದಾರಿಯುದ್ದಕ್ಕೂ ಕಣ್ಣ ಮುಂದೆ ಒಂದೇ ಚಿತ್ರ: ಮುಚ್ಚಿದ ಬಾಗಿಲ ಹಿಂದೆ ಗಡಿಯಾರ ನೋಡುತ್ತಾ ಕೂತ ಹೆಂಡತಿ. ಒಮ್ಮೆ ಮಗುವಿನ ಹಲ್ಲು ಆ ಕೋಣೆಯನ್ನು ಅವಳಿಂದ ಕಿತ್ತುಕೊಂಡಿತ್ತು. ಈ ಸಲ ಗಂಡನ ಬುದ್ಧಿವಂತಿಕೆ.

ಏದುಸಿರು ಬಿಡುತ್ತಾ ಮೂರನೇ ಮಹಡಿ ಹತ್ತಿ, ಕೀಲಿ ಮುಂದೆ ಚಾಚಿದರು. ಕೀಲಿ ಗಾಳಿಯಲ್ಲಿ ನಿಂತಿತು. ಅಲ್ಲಿ ಬಾಗಿಲೇ ಇರಲಿಲ್ಲ. ಅದು ಒಳಗೆ ಗೋಡೆಗೆ ಒರಗಿಕೊಂಡು, ಹೊಟ್ಟೆಯಲ್ಲಿ ಬೀಗವನ್ನು ಇನ್ನೂ ಭದ್ರವಾಗಿ ಹಾಕಿಸಿಕೊಂಡೇ, ವಿಶ್ರಾಂತಿ ಪಡೆಯುತ್ತಿತ್ತು.

"ಕಳ್ಳರು! ಕಳ್ಳರು!" ಎಂದು ಸಾಹೇಬರು ಮಹಡಿ ನಡುಗುವಂತೆ ಕೂಗಿದರು.

"ಕಳ್ಳರಲ್ಲ ಅಳಿಯಂದ್ರೇ, ನಿಮ್ಮ ಹೆಂಡತಿ," ಎಂದಿತು ಒಂದು ದನಿ. ಬಾಗಿಲಿಲ್ಲದ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಸೌಟು ಇಟ್ಟುಕೊಂಡು, ಅತ್ತೆಯವರು ಕಾವಲು ಕೂತಿದ್ದರು. "ಹೋದಳು. ಹೊತ್ತಿಗೆ ಸರಿಯಾಗಿ ಹೋದಳು."

"ಹೋದಳಾ? ಹೇಗೆ?"

"ಮೊದಲು ನಿಮಗೆ ಫೋನ್ ಮಾಡಿದಳು. ಆಮೇಲೆ ನಾನು ಮಾಡಿದೆ. ಆಮೇಲೆ ನಾನು ನಿಮ್ಮನ್ನ ಬಯ್ಯೋಕೆ ಶುರು ಮಾಡಿದೆ." ಅತ್ತೆಯವರಿಗೆ ಆ ಭಾಗವನ್ನು ಬಿಡಲು ಮನಸ್ಸಿರಲಿಲ್ಲ, ಆದರೂ ಮುಂದೆ ಹೋದರು. "ಅವಳು ಮಾತ್ರ, 'ಅಮ್ಮ, ಸ್ವಲ್ಪ ಸುಮ್ನಿರು' ಅಂತ ಬಾಗಿಲ ಮುಂದೆ ನಿಂತ್ಕೊಂಡಳು. ಹುಬ್ಬಿನ ಮಧ್ಯೆ ಗೆರೆ ಬಂತು. ನಾನು ಬಾಯಿ ಮುಚ್ಕೊಂಡೆ. ಆಮೇಲೆ ಹೇಳ್ತಾಳೆ, 'ಅಮ್ಮ, ಬೀಗದ ಕಡೆ ನೋಡ್ತಿರೋದೇ ತಪ್ಪು. ಬಾಗಿಲಿಗೆ ಎರಡು ಪಕ್ಕ ಇದೆ. ಇದು ಒಳಕ್ಕೆ ತೆರೆಯುತ್ತೆ, ಅಂದ್ರೆ ಬಿಜಾಗರಿ ನಮ್ಮ ಕಡೆ ಇದೆ. ಬಿಜಾಗರಿ ಮಧ್ಯದ ಕಂಬಿ ಎಬ್ಬಿಸಿದರೆ ಬಾಗಿಲು ಈ ಪಕ್ಕದಿಂದ ಬಿಡುತ್ತೆ.' ನಿಮ್ಮ ಸ್ಕ್ರೂಡ್ರೈವರ್ ಕೆಳಗಿಟ್ಟು, ಮೇಲಕ್ಕೆ ಲಟ್ಟಣಿಗೆಯಿಂದ ಟಕ್ ಟಕ್ ಅಂತ ಹೊಡೆದಳು. ತುಕ್ಕಿಗೆ ಅಡುಗೆ ಎಣ್ಣೆ ಬಿಟ್ಟಳು. ಆ ಸದ್ದಿಗೆ ಕೆಳಗಿನ ಮನೆಯವರು, ಮತ್ತೆ ನೀವು ನಲ್ಲಿ ರಿಪೇರಿಗೆ ಕೂತಿರಬೇಕು ಅಂತ ಹೆದರಿ ಮೇಲೆ ಓಡಿ ಬಂದ್ರು. ಅವರೇ ಆ ಕಡೆಯಿಂದ ತಳ್ಳಿದ್ದು. ಬಾಗಿಲು ಪುಸ್ತಕದ ರಟ್ಟು ಬಂದ ಹಾಗೆ ಬಂದುಬಿಡ್ತು!"

ಸಾಹೇಬರು ಬಿಜಾಗರಿಯನ್ನು ಮುಟ್ಟಿ ನೋಡಿದರು. ಕಂಬಿಗಳನ್ನು ಒಂದರ ಪಕ್ಕ ಒಂದರಂತೆ ಒಂದು ತಟ್ಟೆಯಲ್ಲಿ ಎತ್ತಿಡಲಾಗಿತ್ತು, ಯಾವುದು ಮೇಲಿನದು ಯಾವುದು ಕೆಳಗಿನದು ಎಂದು ತಿಳಿಯುವ ಹಾಗೆ. ಈ ಬಾಗಿಲನ್ನು ಅವರು ಎಷ್ಟು ಸಾವಿರ ಸಲ ತೆರೆದಿರಬಹುದು! ಅದಕ್ಕೆ ಇನ್ನೊಂದು ಪಕ್ಕ ಇದೆ ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಹೆಂಡತಿಯ ಜಾಗದಲ್ಲಿ ತಾವಿದ್ದಿದ್ದರೆ? ಖಂಡಿತ ಬೀಗದ ಮುಂದೆ ನಿಂತು, ಅದಕ್ಕೆ ತಮ್ಮ ಅಂಕ ಹೇಳಿ ಗದರಿಸುತ್ತಿದ್ದರು.

ಸಂಜೆ ಕೌಂಟರಮ್ಮ ಬಂದರು. ಬೆರಳ ತುದಿಗಳು ಇನ್ನೂ ಎಣ್ಣೆ-ತುಕ್ಕಿನಿಂದ ಕಪ್ಪಗಿದ್ದವು. ಸಾಹೇಬರು ದಿನವಿಡೀ ತಯಾರಿಸಿ ಇಟ್ಟುಕೊಂಡಿದ್ದ ಕ್ಷಮಾಯಾಚನೆಯ ಮೊದಲ ವಾಕ್ಯವನ್ನು ಹೇಳುವಷ್ಟರಲ್ಲಿ ಆಕೆ ನಗತೊಡಗಿದರು.

"ಉತ್ತರದ ಹಾಳೆ ತುಂಬ ನನ್ನ ಬೆರಳಚ್ಚು ಬಿದ್ದಿದೆ ರೀ. ಪರೀಕ್ಷೆ ನಡೆಸಿದವರು ಪೊಲೀಸರಿಗೆ ಕೊಟ್ರೂ ಕೊಡಬಹುದು."

"ಹೆದರಿಕೆ ಆಗಲಿಲ್ವಾ?"

"ಹೋದ ಸಲ ಆಗಿತ್ತು. ಈ ಸಲ ಮೊದಲನೇ ಆಕೃತಿ ನೋಡಿದಾಗ, ಬೆಳಗ್ಗೆ ಒಂದು ಬಾಗಿಲನ್ನೇ ಕಿತ್ತಿಟ್ಟು ಬಂದಿದ್ದೀನಿ, ನೀನ್ಯಾವ ಲೆಕ್ಕ ಅನ್ನಿಸ್ತು." ಆಕೆ ಸೆರಗು ಬಿಗಿದರು. "ಬನ್ನಿ, ಬಾಗಿಲು ಎತ್ತಿ ಹಿಡ್ಕೊಳ್ಳಿ. ಆ ಕಡೆ ಅಲ್ಲ, ಈ ಕಡೆ. ನಿಮ್ಮ ಮೂಗು ತೆಗೀರಿ."

ಮೂಗು ತೆಗೆಯುವುದು ಸ್ವಲ್ಪ ತಡವಾಯಿತು. ಆದರೆ ಬಾಗಿಲು ಕೂತಿತು, ಮುಂಚೆ ಇದ್ದ ಕಿರ್ರೆನ್ನುವ ಸದ್ದೂ ಹೋಯಿತು.

ಫಲಿತಾಂಶ ಬಂದಾಗ ಕೌಂಟರಮ್ಮನಿಗೆ ನೂರಾ ಹದಿನೆಂಟು. ಮಗಳು ಕುಣಿದಳು. ಅತ್ತೆಯವರು ಕಣ್ಣೊರೆಸಿಕೊಂಡು, ಕಣ್ಣಿಗೆ ಕಸ ಬಿತ್ತು ಎಂದರು. ಸಾಹೇಬರ ತಲೆ ಅಭ್ಯಾಸಬಲದಿಂದ ಒಂದು ಕಳೆಯುವ ಲೆಕ್ಕ ಮಾಡಿ, 'ಇನ್ನೂ ನಾನೇ ಹತ್ತು ಮುಂದಿದ್ದೀನಿ' ಎಂಬ ವಾಕ್ಯವನ್ನು ನಾಲಿಗೆಯ ತುದಿಯವರೆಗೆ ತಂದಿತು. ಅವರು ಬಾಯಿ ತೆರೆದರು. ಹೆಂಡತಿಯ ಮುಖ ನೋಡಿದರು. ಬಾಯಿ ಮುಚ್ಚಿದರು. ಇಡೀ ಜೀವಮಾನದಲ್ಲಿ ಅವರು ತೋರಿದ ಅತ್ಯುನ್ನತ ಬುದ್ಧಿಮತ್ತೆ ಅದೇ ಇರಬೇಕು. ಅಳೆಯಲು ಪರೀಕ್ಷಕಿ ಹತ್ತಿರದಲ್ಲಿರಲಿಲ್ಲ, ಅಷ್ಟೇ.

ಕೌಂಟರಮ್ಮ ಕೌಂಟರ್ ಬಿಟ್ಟು ಕಂಟ್ರೋಲ್ ರೂಮಿಗೆ ಹೋದರು. ಸಾಹೇಬರು ದಿನಾ ಕೆಲಸಕ್ಕೆ ಹೋಗುವ ಗಾಡಿಯೂ ಅದೇ ಮಾರ್ಗದ್ದು. ಮೊದಲ ದಿನವೇ ಅವರು ರೈಲು ಡಬ್ಬಿಯಲ್ಲಿದ್ದ ಖಾಯಂ ಪ್ರಯಾಣಿಕರಿಗೆಲ್ಲ ಎದೆಯುಬ್ಬಿಸಿ ಹೇಳಿದರು, "ಈ ಗಾಡಿ ಓಡ್ತಾ ಇರೋದು ಯಾರ ತಲೆಯಿಂದ ಗೊತ್ತಾ? ನಮ್ಮ ಮನೆಯವರ ತಲೆಯಿಂದ." ಎಲ್ಲರೂ ಕೈ ಕುಲುಕಿದರು. ಮುಂದಿನ ವಾರ ಗಾಡಿ ನಿಲ್ದಾಣವೂ ಅಲ್ಲದ ಒಂದು ಖಾಲಿ ಬಯಲಲ್ಲಿ ನಿಂತುಬಿಟ್ಟಿತು. ಕೈ ಕುಲುಕಿದವರೆಲ್ಲ ಒಟ್ಟಿಗೆ ಅವರ ಕಡೆ ತಿರುಗಿದರು.

"ಏನು ಸ್ವಾಮಿ, ಮನೇಲಿ ಜಗಳ ಆಡ್ಕೊಂಡು ಬಂದ್ರಾ?"

ಆ ಸಂಜೆ ಸಾಹೇಬರು ಹೆಂಡತಿಯನ್ನು ಕೇಳಿಯೇಬಿಟ್ಟರು. "ಯಾಕೆ ನಿಲ್ಲಿಸಿದೆ ಮಾರಾಯ್ತಿ? ಆ ಗಾಡೀಲಿ ನಾನಿದ್ದೀನಿ ಅಂತ ಗೊತ್ತಿತ್ತಾ?"

"ಗೊತ್ತಿತ್ತು. ಹಿಂದೆ ಎಕ್ಸ್‌ಪ್ರೆಸ್ ಬರ್ತಿತ್ತು, ಯಾವುದಾದರೂ ಒಂದು ಗಾಡಿ ನಿಲ್ಲಲೇಬೇಕಿತ್ತು. ನಿಮ್ಮದನ್ನ ನಿಲ್ಲಿಸಿದರೆ ಮುಂದೆ ಯಾವ ಗಾಡಿಗೂ ತೊಂದರೆ ಆಗ್ತಿರಲಿಲ್ಲ. ಹಲಗೆ ಮುಂದೆ ನಿಂತು ನೋಡಿದ್ರೆ ನಿಮಗೇ ಗೊತ್ತಾಗೋದು ರೀ, ಎಷ್ಟು ಚೆನ್ನಾಗಿ ಕೂತ್ಕೊಂಡಿತು ಅಂತ!" ಹೇಳುವಾಗ ಆಕೆಯ ಮುಖದಲ್ಲಿ ಆ ಮೇಜು ಕುಟ್ಟಿದ ದಿನದ ಬೆಳಕೇ ಇತ್ತು. ಅದನ್ನು ನೋಡುತ್ತಾ ಸಾಹೇಬರಿಗೆ, ಕಚೇರಿಗೆ ತಡವಾಗಿ ಬೈಸಿಕೊಂಡದ್ದೂ ಮರೆತುಹೋಯಿತು.

ಆದರೂ ಡಬ್ಬಿಯವರ ಕಾಟ ತಡೆಯಲಾಗಲಿಲ್ಲ. ಅವರು ಒಂದು ಗಾಡಿ ಮುಂಚೆ ಹೊರಡತೊಡಗಿದರು. ಅಲ್ಲಿ ಅವರನ್ನು ಬಲ್ಲವರು ಒಬ್ಬರೂ ಇರಲಿಲ್ಲ. ಪರಮ ನೆಮ್ಮದಿ. ತುಟಿ ಬಿಚ್ಚಬಾರದು ಎಂದು ಶಪಥ ಮಾಡಿಕೊಂಡು ಒಂದು ಮೂಲೆ ಹಿಡಿದು ಕೂತರು. ಆ ಗಾಡಿಯೂ ಅದೇ ಬಯಲಲ್ಲಿ ನಿಂತಿತು. ಎದುರಿಗೆ ಕೂತ ದಪ್ಪ ಮೀಸೆಯವರೊಬ್ಬರು ಗಡಿಯಾರ ನೋಡಿ ಸಿಡುಕಿದರು.

"ಕಂಟ್ರೋಲ್ ರೂಮಲ್ಲಿ ಯಾರೋ ತಲೆ ಇಲ್ಲದವರನ್ನ ತಂದು ಕೂರಿಸಿದ್ದಾರೆ ನೋಡಿ."

ಸಾಹೇಬರು ಕಿಟಕಿಯ ಆಚೆ ನೋಡಿದರು. ಹತ್ತರವರೆಗೆ ಎಣಿಸಿದರು. ಹಿಂದುಮುಂದಾಗಿ ಎಣಿಸಿದರು. ಆಗಲಿಲ್ಲ. ಎದ್ದು ನಿಂತರು.

"ಸ್ವಾಮೀ, ತಲೆಯ ವಿಷಯ ಮಾತ್ರ ಆಡಬೇಡಿ! ಆ ತಲೆಯ ವಿಷಯ ನನಗೆ ಗೊತ್ತು!" ಎಂದು ಶುರುಮಾಡಿ, ಎಕ್ಸ್‌ಪ್ರೆಸ್ ಯಾಕೆ ಮುಂದೆ ಹೋಗಬೇಕು, ಈ ಗಾಡಿಯೇ ಯಾಕೆ ನಿಲ್ಲಬೇಕು, ಆ ತಲೆ ಎಂಥ ತಲೆ, ಅದು ಮನೆಯ ಬಾಗಿಲನ್ನು ಯಾವ ಪಕ್ಕದಿಂದ ತೆಗೆಯಿತು ಎಂಬುದನ್ನೆಲ್ಲ ಗಾಡಿ ಮತ್ತೆ ಹೊರಡುವವರೆಗೂ ವಿವರಿಸಿದರು. ಇಡೀ ಡಬ್ಬಿ ಕಿವಿಗೊಟ್ಟು ಕೇಳಿತು.

ಅಂದಿನಿಂದ ಆ ಡಬ್ಬಿಯಲ್ಲಿ ತಕ್ಕಡಿ ಸಾಹೇಬರಿಗೆ ನಡುಮಧ್ಯದ ಸೀಟು ಖಾಯಂ. ಗೌರವಕ್ಕಲ್ಲ. ಗಾಡಿ ನಿಂತಾಗ ನಾಲ್ಕೂ ಕಡೆಯವರಿಗೆ ಬೈಯಲು ಅನುಕೂಲವಾಗಲಿ ಎಂದು.